733 ಡಾಲರ್: 2018ರಿಂದ ಅಲ್ಲಾಡದ ಒಂದು ಅಂಕಿ

ಚರ್ಚಿನ ಬೇಸ್‌ಮೆಂಟಿನಲ್ಲಿ ನಡೆಯುವ, ಬಡವರಿಗೆ ಪುಕ್ಕಟೆ ದಿನಸಿ ಕೊಡುವ ಆ ಫುಡ್ ಬ್ಯಾಂಕ್ ಬಾಗಿಲು ತೆಗೆಯುವುದು ಬೆಳಿಗ್ಗೆ ಹತ್ತಕ್ಕೆ. ಎಂಟೂವರೆಗೇ ಸಾಲು ಪಾರ್ಕಿಂಗ್ ಜಾಗ ದಾಟಿ ಫುಟ್‌ಪಾತಿಗೆ ಬಂದಿರುತ್ತದೆ. ಟೊರಾಂಟೊದ ಪೂರ್ವಕ್ಕಿರುವ ಸ್ಕಾರ್‌ಬರೋದಲ್ಲಿ, ನಮ್ಮ ಮನೆಯಿಂದ ನಾಲ್ಕು ಬಸ್ ಸ್ಟಾಪ್ ದೂರ. ನಾನು ಅಲ್ಲಿಗೆ ಸೇರಿಕೊಂಡಿದ್ದು ಸೇವೆಯ ಹುಮ್ಮಸ್ಸಿನಿಂದೇನಲ್ಲ. ಟೊರಾಂಟೊ ಇರುವ ಪ್ರಾಂತ್ಯವಾದ ಒಂಟಾರಿಯೊದಲ್ಲಿ ಹೈಸ್ಕೂಲ್ ಮುಗಿಸಬೇಕಾದರೆ ಮಕ್ಕಳು 40 ಗಂಟೆ ಸಮಾಜಸೇವೆ ಮಾಡಿರಬೇಕು. ಮಗಳನ್ನು ಬಿಡಲು ಹೋದವಳ ಕೈಗೆ ಯಾರೋ ಏಪ್ರನ್ ಕೊಟ್ಟರು. ಅವಳ 40 ಗಂಟೆ ಮುಗಿದು ಎರಡು ವರ್ಷವಾಯಿತು. ನಾನು ಇನ್ನೂ ಈರುಳ್ಳಿ ತೂಗುತ್ತಿದ್ದೇನೆ.

ಅಲ್ಲಿಗೆ ಬರುವವರಲ್ಲಿ ಒಬ್ಬರಿದ್ದಾರೆ. ಅರವತ್ತಕ್ಕೆ ಇನ್ನೂ ಒಂದೆರಡು ವರ್ಷ ಬಾಕಿ. ಗೋಡೌನಿನಲ್ಲಿ ಪೆಟ್ಟಿಗೆ ಎತ್ತಿ ಎತ್ತಿ ಬೆನ್ನು ಹೋಯಿತು ಅಂತಾರೆ. ಅಂಗವಿಕಲರ ನೆರವಿಗೆ ಅರ್ಜಿ ಹಾಕಿ ಕಾಯುತ್ತಿದ್ದಾರೆ. ಅದು ಬರುವವರೆಗೆ ವೆಲ್ಫೇರ್, ಅಂದರೆ ಬಡವರಿಗೆ ಸರ್ಕಾರ ತಿಂಗಳಿಗೊಮ್ಮೆ ಕೊಡುವ ಹಣವೇ ಗತಿ. ಒಂದು ಶನಿವಾರ ಜೇಬಿನಿಂದ ಹಳೇ ಲಕೋಟೆ ತೆಗೆದು ಅದರ ಹಿಂಬದಿ ತೋರಿಸಿದರು. ಪೆನ್ಸಿಲ್ಲಿನಲ್ಲಿ ಬರೆದ ಲೆಕ್ಕ. ಬಂದಿದ್ದು 733. ರೂಮಿನ ಬಾಡಿಗೆ 650. ಫೋನು 35. ಉಳಿದಿದ್ದು 48. ಕೆಳಗೆ ಎರಡು ಗೆರೆ, ನಮ್ಮೂರಿನ ಕಿರಾಣಿ ಅಂಗಡಿಯವರು ಲೆಕ್ಕ ಮುಗಿಸಿ ಎಳೆಯುತ್ತಾರಲ್ಲ, ಹಾಗೆ.

48 ಡಾಲರ್, 30 ದಿನ. ದಿನಕ್ಕೆ 1 ಡಾಲರ್ 60 ಸೆಂಟ್. ಟೊರಾಂಟೊದಲ್ಲಿ ಒಂದು ಸಲ ಬಸ್ ಹತ್ತಿದರೆ 3 ಡಾಲರ್ 30 ಸೆಂಟ್. ಬಡವರಿಗೆ ಕೊಡುವ ರಿಯಾಯಿತಿ ಕಾರ್ಡ್ ಇದ್ದರೂ 2 ಡಾಲರ್ ದಾಟುತ್ತದೆ. ಅವರಿಗೆ 650ಕ್ಕೆ ರೂಮು ಸಿಕ್ಕಿದ್ದೇ ದೊಡ್ಡದು. ಹಳೆಯ ಮನೆಯೊಂದನ್ನು ರೂಮು ರೂಮಾಗಿ ಬಾಡಿಗೆಗೆ ಬಿಟ್ಟಿದ್ದಾರೆ, ನಾಲ್ಕು ಜನಕ್ಕೆ ಒಂದೇ ಅಡುಗೆಮನೆ. ಇವರು ಅಲ್ಲಿಯ ಹಳಬರು. ಈಗ ಹೊಸದಾಗಿ ಒಂದು ಬೆಡ್‌ರೂಮಿನ ಮನೆ ಹುಡುಕಲು ಹೊರಟರೆ ತಿಂಗಳಿಗೆ 2,000 ಡಾಲರ್‌ಗೆ ಕಡಿಮೆ ಸಿಗುವುದು ಕಷ್ಟ.

ಊರಿಂದ ದೊಡ್ಡಮ್ಮ ಫೋನು ಮಾಡಿದಾಗ ಇದನ್ನು ಹೇಳಿದೆ. "ಅಯ್ಯೋ, ಕೆನಡಾದಲ್ಲಿ ಸರ್ಕಾರ ಕೂರಿಸಿ ಊಟ ಹಾಕುತ್ತಂತಲ್ಲೇ?" ಅಂದರು. ಊರಲ್ಲಿ ಬಹಳ ಜನ ಹಾಗೇ ಅಂದುಕೊಂಡಿದ್ದಾರೆ. ಇಲ್ಲಿ ಹತ್ತು ವರ್ಷದಿಂದ ಇರುವ ನಮ್ಮವರೂ ಹಾಗೇ ಅಂದುಕೊಂಡಿದ್ದಾರೆ ಅನ್ನೋದು ಬೇರೆ ಮಾತು.

ಹಾಗಾದರೆ ಈ 733 ಎಲ್ಲಿಂದ ಬಂತು? ಅದು ಯಾಕೆ ಅಲ್ಲಾಡುವುದಿಲ್ಲ? ಯಾರನ್ನು ಕೇಳಬೇಕು?

ಮೊದಲು ಯಾರನ್ನು ಅನ್ನೋದು. ಇಲ್ಲಿ ಬಹಳ ಜನ ಬಡತನ ಅಂದ ಕೂಡಲೇ ಒಟ್ಟಾವಾ ಕಡೆ, ಅಂದರೆ ಕೇಂದ್ರದ ಕಡೆ ನೋಡುತ್ತಾರೆ. ಆದರೆ 1867ರ ಸಂವಿಧಾನದ ಪ್ರಕಾರ ಈ ರೀತಿಯ ನೆರವು ಪ್ರಾಂತ್ಯಗಳ ಜವಾಬ್ದಾರಿ. ಕೇಂದ್ರ ಮಕ್ಕಳಿಗೆ ಕೊಡುತ್ತದೆ, 65 ದಾಟಿದವರಿಗೆ ಕೊಡುತ್ತದೆ, ಕೆಲಸ ಕಳೆದುಕೊಂಡವರಿಗೆ ಸ್ವಲ್ಪ ದಿನ ವಿಮೆಯ ಹಣ ಕೊಡುತ್ತದೆ. ಮಕ್ಕಳಿಲ್ಲದ, 65 ಆಗದ, ವಿಮೆಯ ಅವಧಿ ಮುಗಿದ ಒಂಟಿ ಮನುಷ್ಯ ಪ್ರಾಂತ್ಯದ ಕೈಗೆ ಬೀಳುತ್ತಾನೆ. ಅಂದರೆ ಕ್ವೀನ್ಸ್ ಪಾರ್ಕ್‌ನಲ್ಲಿ ಕೂರುವ 124 ಶಾಸಕರ ಕೈಗೆ. ಇವರನ್ನು ಇಲ್ಲಿ ಎಂಪಿಪಿ ಅಂತಾರೆ, ನಮ್ಮ ವಿಧಾನಸೌಧದ ಎಂಎಲ್‌ಎಗಳ ಹಾಗೆ.

1966ರಿಂದ ಸುಮಾರು ಮೂವತ್ತು ವರ್ಷ ಒಂದು ಪದ್ಧತಿ ಇತ್ತು. ಪ್ರಾಂತ್ಯ ಬಡವರಿಗೆ ಎಷ್ಟು ಖರ್ಚು ಮಾಡುತ್ತದೋ ಅದರಲ್ಲಿ ಅರ್ಧ ಕೇಂದ್ರ ಕೊಡುತ್ತಿತ್ತು. 1996ರಲ್ಲಿ ಅದನ್ನು ನಿಲ್ಲಿಸಿ, ಒಂದು ಗಂಟು ಹಣ ಕೊಟ್ಟು 'ನೀವೇ ನೋಡಿಕೊಳ್ಳಿ' ಅಂದುಬಿಟ್ಟರು. ಅಲ್ಲಿಂದ ಮುಂದೆ ಬಡವರಿಗೆ ಕೊಡುವುದರಲ್ಲಿ ಒಂದು ಡಾಲರ್ ಉಳಿಸಿದರೆ ಆ ಪೂರ್ತಿ ಡಾಲರ್ ಪ್ರಾಂತ್ಯಕ್ಕೇ ಉಳಿತಾಯ. ಈ ಬದಲಾವಣೆ ಮಾಡಿದ ಅನಾಹುತದ ಬಗ್ಗೆ ಇಲ್ಲಿ ಯಾರೂ ಜಾಸ್ತಿ ಮಾತಾಡುವುದಿಲ್ಲ.

ಒಂಟಾರಿಯೊದಲ್ಲಿ ಎರಡು ಯೋಜನೆಗಳಿವೆ. ದುಡಿಯಬಲ್ಲವರು ಅಂತ ಸರ್ಕಾರ ತೀರ್ಮಾನಿಸಿದವರಿಗೆ ಒಂಟಾರಿಯೊ ವರ್ಕ್ಸ್. ಅಂಗವಿಕಲರಿಗೆ ಓಡಿಎಸ್‌ಪಿ. ಎರಡೂ 1997ರ ಕಾನೂನಿನಿಂದ ಹುಟ್ಟಿದವು. ಒಂಟಾರಿಯೊ ವರ್ಕ್ಸ್‌ನಲ್ಲಿ ಒಂಟಿ ವ್ಯಕ್ತಿಗೆ ಸಿಗುವುದು ಹೆಚ್ಚೆಂದರೆ 733: ಊಟ ಬಟ್ಟೆಗೆ 343, ಮನೆಗೆ 390. ಓಡಿಎಸ್‌ಪಿಯಲ್ಲಿ 2025ರ ಜುಲೈಯಿಂದ 1,408. ಅದೂ ಸಾಲುವುದಿಲ್ಲ. ಆದರೆ ಲಕೋಟೆಯವರ ಪಾಲಿಗೆ ಅದು ಲಾಟರಿ ಹೊಡೆದ ಹಾಗೆ.

ಈ ಎರಡು ಅಂಕಿಗಳ ನಡುವಿನ ಅಂತರ ನೋಡಿ. 2018ರಲ್ಲಿ ಒಂದು 733, ಇನ್ನೊಂದು 1,169. 2025ರ ಜುಲೈಯಲ್ಲಿ ಒಂದು 733, ಇನ್ನೊಂದು 1,408. 2022ರ ಸೆಪ್ಟೆಂಬರ್‌ನಲ್ಲಿ ಓಡಿಎಸ್‌ಪಿಯನ್ನು ಶೇ 5ರಷ್ಟು ಏರಿಸಿ, ಮುಂದೆ ಪ್ರತಿ ಜುಲೈಯಲ್ಲಿ ಬೆಲೆ ಏರಿಕೆಗೆ ತಕ್ಕಂತೆ ತಾನಾಗಿ ಏರುವ ಹಾಗೆ ಮಾಡಿದರು. 2023ರಲ್ಲಿ ಶೇ 6.5, 2024ರಲ್ಲಿ ಶೇ 4.5, 2025ರಲ್ಲಿ ಶೇ 2.8. ಯಾರೂ ಧರಣಿ ಕೂರಬೇಕಾಗಿಲ್ಲ, ಯಾವ ಮಂತ್ರಿಯೂ ಭಾಷಣ ಮಾಡಬೇಕಾಗಿಲ್ಲ. ಒಂಟಾರಿಯೊ ವರ್ಕ್ಸ್‌ಗೆ ಈ ನಿಯಮವನ್ನು ಹಚ್ಚಲಿಲ್ಲ. ಹಾಗಾಗಿ ಅದು ನಿಂತಲ್ಲೇ ನಿಂತಿತು.

ನಾನು ಇಷ್ಟು ದಿನ ಇದನ್ನು ಮರೆವು ಅಂದುಕೊಂಡಿದ್ದೆ. ಸರ್ಕಾರಕ್ಕೆ ನೂರೆಂಟು ಕೆಲಸ, ಬಡವರ ಕಡತ ಎಲ್ಲೋ ಕೆಳಗೆ ಸಿಕ್ಕಿಹಾಕಿಕೊಂಡಿರಬೇಕು ಅಂತ. ಹಾಗಲ್ಲ. ಇದೇ ಸರ್ಕಾರ ಪ್ರತಿ ವರ್ಷ ಬೆಲೆ ಏರಿಕೆಯನ್ನು ಕೂಲಂಕಷವಾಗಿ ಲೆಕ್ಕ ಹಾಕುತ್ತದೆ. ಕನಿಷ್ಠ ಕೂಲಿ ಪ್ರತಿ ಅಕ್ಟೋಬರ್ 1ಕ್ಕೆ ಆ ಲೆಕ್ಕದ ಪ್ರಕಾರ ಏರುತ್ತದೆ. 2025ರಲ್ಲಿ ಗಂಟೆಗೆ 17.60 ಆಯಿತು. ಮನೆ ಮಾಲೀಕರು ಬಾಡಿಗೆ ಎಷ್ಟು ಏರಿಸಬಹುದು ಅನ್ನೋದನ್ನೂ ಅದೇ ಲೆಕ್ಕದ ಮೇಲೆ ನಿಗದಿ ಮಾಡುತ್ತದೆ: 2023, 2024, 2025 ಮೂರೂ ವರ್ಷ ಶೇ 2.5, ಅದು ಕಾನೂನಿನ ಗರಿಷ್ಠ ಮಿತಿ. 2026ಕ್ಕೆ ಶೇ 2.1. ಕೂಲಿಗೆ ಲೆಕ್ಕ ಇದೆ, ಬಾಡಿಗೆಗೆ ಲೆಕ್ಕ ಇದೆ, ಅಂಗವಿಕಲರ ನೆರವಿಗೆ ಲೆಕ್ಕ ಇದೆ. ಒಂದೇ ಒಂದನ್ನು ಹೊರಗಿಟ್ಟಿದ್ದಾರೆ. ಅದನ್ನು ಮರೆವು ಅನ್ನಲು ಮನಸ್ಸು ಬರುವುದಿಲ್ಲ.

ಇನ್ನೂ ಒಂದು ಲೆಕ್ಕ ಇದೆ. ಶಾಸಕರ ಸಂಬಳ. ಅದು 116,550 ಡಾಲರ್‌ನಲ್ಲಿ 2009ರಿಂದ ನಿಂತುಬಿಟ್ಟಿತ್ತು. 2025ರ ಮೇ ಕೊನೆಯಲ್ಲಿ ಅದನ್ನು ಸುಮಾರು ಶೇ 35ರಷ್ಟು ಏರಿಸಿ 157,350 ಮಾಡಿಕೊಂಡರು. ವಿರೋಧ ಪಕ್ಷಗಳೂ ಒಪ್ಪಿದವು. ಅಷ್ಟಕ್ಕೇ ನಿಲ್ಲಿಸಲಿಲ್ಲ. ಇನ್ನು ಮುಂದೆ ತಮ್ಮ ಸಂಬಳ ಒಟ್ಟಾವಾದ ಸಂಸದರ ಸಂಬಳದ ಶೇ 75 ಇರಬೇಕು ಅಂತ ಕಾನೂನಿನಲ್ಲೇ ಬರೆದರು. ಅಲ್ಲಿ ಏರಿದರೆ ಇಲ್ಲೂ ತಾನಾಗಿ ಏರುತ್ತದೆ. ಅವರ ಸಂಬಳ ಏರಿದ್ದು ತಪ್ಪು ಅಂತ ನಾನು ಹೇಳುವುದಿಲ್ಲ. ಹದಿನಾರು ವರ್ಷ ಒಂದೇ ಸಂಬಳ ಅಂದರೆ ಯಾರಿಗೂ ಕಷ್ಟವೇ. ಅವರ ವಾದವೂ ಅದೇ ಆಗಿತ್ತು: ಸಂಬಳ ನಿಂತರೆ ಜೀವನ ನಿಲ್ಲುವುದಿಲ್ಲ, ಬೆಲೆ ಏರುತ್ತಲೇ ಇರುತ್ತದೆ. ಸರಿಯಾದ ಮಾತು. ನನಗೆ ಗೊತ್ತಿರುವ ಮಟ್ಟಿಗೆ 733ರ ಪರವಾಗಿ ಇದಕ್ಕಿಂತ ಒಳ್ಳೆಯ ವಾದ ಇಲ್ಲ.

ಇತಿಹಾಸ ಸ್ವಲ್ಪ ಹೇಳಬೇಕು. 1995ರಲ್ಲಿ ಇಲ್ಲಿ ಮೈಕ್ ಹ್ಯಾರಿಸ್ ಸರ್ಕಾರ ಬಂತು. ಅದೇ ಅಕ್ಟೋಬರ್‌ನಲ್ಲಿ ವೆಲ್ಫೇರ್ ಹಣವನ್ನು ಶೇ 21.6ರಷ್ಟು ಕತ್ತರಿಸಿತು. ಒಂಟಿ ವ್ಯಕ್ತಿಗೆ 663 ಇದ್ದದ್ದು 520 ಆಯಿತು. ಇಷ್ಟರಲ್ಲಿ ಊಟ ಮಾಡಬಹುದು ಅಂತ ತೋರಿಸಲು ಆಗಿನ ಸಚಿವರ ಕಡೆಯಿಂದ ಒಂದು ಸಾಮಾನಿನ ಪಟ್ಟಿಯೇ ಬಂತು, ತಿಂಗಳಿಗೆ 90 ಡಾಲರ್ ಚಿಲ್ಲರೆ. ಪಾಸ್ತಾ ಇತ್ತು, ಅದಕ್ಕೆ ಸಾಸ್ ಇರಲಿಲ್ಲ. ಅನ್ನ ಇದೆ, ಸಾರಿಲ್ಲ ಅಂದ ಹಾಗೆ. ಇಲ್ಲಿನ ಹಳಬರು ಇವತ್ತಿಗೂ ಅದನ್ನು ನೆನೆದು ನಗುತ್ತಾರೆ, ಆದರೆ ಆ ನಗುವಿನಲ್ಲಿ ಖುಷಿ ಇರುವುದಿಲ್ಲ.

ಆಮೇಲೆ ಬಂದ ಲಿಬರಲ್ ಸರ್ಕಾರ ಅಷ್ಟಿಷ್ಟು ಏರಿಸಿತು. 2018ರಲ್ಲಿ ಶೇ 3ರ ಏರಿಕೆ ಆಗಬೇಕಿತ್ತು. ಅಷ್ಟರಲ್ಲಿ ಡಗ್ ಫೋರ್ಡ್ ಸರ್ಕಾರ ಬಂದು ಅದನ್ನು ಶೇ 1.5ಕ್ಕೆ ಇಳಿಸಿತು. 721 ಇದ್ದದ್ದು 733 ಆಯಿತು. ತಿಂಗಳಿಗೆ 12 ಡಾಲರ್. ಅದೇ ಕೊನೆ.

1995ರ ಕಡಿತಕ್ಕೆ ಮುಂಚಿನ 663 ಡಾಲರ್‌ಗೆ ಈಗಿನ ಬೆಲೆ ಹಚ್ಚಿದರೆ 1,200 ದಾಟುತ್ತದೆ. 2018ರ 733ಕ್ಕೆ ಬರೀ ಬೆಲೆ ಏರಿಕೆ ಸೇರಿಸಿದರೂ ಈಗ ಸುಮಾರು 900 ಆಗಬೇಕಿತ್ತು. ಅಂದರೆ ಯಾರೂ ಏನೂ ಕತ್ತರಿಸದೆಯೇ, ಸುಮ್ನೆ ಕೂತೇ, ಹ್ಯಾರಿಸ್ ಮಾಡಿದ ಕಡಿತಕ್ಕೆ ಹತ್ತಿರ ಹತ್ತಿರ ಬಂದಿದ್ದಾರೆ. ಕತ್ತರಿ ಹಾಕಿದರೆ ಪತ್ರಿಕೆಯಲ್ಲಿ ದೊಡ್ಡ ಸುದ್ದಿ. ಏನೂ ಮಾಡದೆ ಇದ್ದರೆ ಸುದ್ದಿಯೇ ಇಲ್ಲ.

ನಮ್ಮ ದೇಶದಲ್ಲೂ ಇದು ಇದೆ. ವೃದ್ಧಾಪ್ಯ ವೇತನದಲ್ಲಿ ಕೇಂದ್ರ ಸರ್ಕಾರದ ಪಾಲು, 80 ದಾಟದವರಿಗೆ, ತಿಂಗಳಿಗೆ 200 ರೂಪಾಯಿ. ಅದು 2007ರಿಂದ 200 ರೂಪಾಯಿಯೇ. ರಾಜ್ಯಗಳು ತಮ್ಮ ಕೈಯಿಂದ ಹಾಕಿ ಏರಿಸಿಕೊಂಡು ಬಂದಿವೆ, ಕೇಂದ್ರದ್ದು ಅಲ್ಲೇ ಇದೆ. ದೊಡ್ಡಮ್ಮನಿಗೆ ಈ ಹೋಲಿಕೆ ಹೇಳಿದ ಮೇಲೆ ಕೆನಡಾ ತಕ್ಷಣ ಅರ್ಥವಾಯಿತು.

ಈಗ ಮೊತ್ತ ಬಿಟ್ಟು ನಿಯಮಗಳಿಗೆ ಬರೋಣ. ನನ್ನ ಪ್ರಕಾರ ಇಲ್ಲೇ ಇರುವುದು ನಿಜವಾದ ತೂತು.

ಮೇಲೆ ಹೇಳಿದೆನಲ್ಲ, 733ರಲ್ಲಿ 390 ಮನೆಗೆ ಅಂತ. ಅದು ಸಿಗುವುದು ಬಾಡಿಗೆ ಚೀಟಿ ತೋರಿಸಿದರೆ ಮಾತ್ರ. ಬಾಡಿಗೆ ಕಟ್ಟಲಾಗದೆ ಮನೆ ಹೋಯಿತು, ಪಾರ್ಕಿನಲ್ಲಿ ಟೆಂಟು ಹಾಕಿಕೊಂಡ ಅಂತಿಟ್ಟುಕೊಳ್ಳಿ. ಆಗ ಆ 390 ನಿಲ್ಲುತ್ತದೆ, 343 ಮಾತ್ರ ಬರುತ್ತದೆ. ಮನೆ ಕಳೆದುಕೊಂಡ ದಿನದಿಂದ, ಮತ್ತೆ ಮನೆ ಹಿಡಿಯಲು ಬೇಕಾದ ಹಣವೇ ಇರುವುದಿಲ್ಲ. ಮೊದಲ ತಿಂಗಳ ಬಾಡಿಗೆ, ಕೊನೆಯ ತಿಂಗಳ ಮುಂಗಡ, ಎರಡೂ ಒಟ್ಟಿಗೆ ಕೊಡಬೇಕಾದ ಊರಿನಲ್ಲಿ 343 ಡಾಲರ್ ಹಿಡಿದುಕೊಂಡು ಯಾವ ಮಾಲೀಕರ ಬಾಗಿಲು ತಟ್ಟುವುದು? ಒಂಟಾರಿಯೊದ ನಗರಸಭೆಗಳ ಒಕ್ಕೂಟ ಮಾಡಿದ ಲೆಕ್ಕದಲ್ಲಿ 2024ರಲ್ಲಿ ಈ ಪ್ರಾಂತ್ಯದಲ್ಲಿ ಮನೆ ಇಲ್ಲದವರು 80 ಸಾವಿರಕ್ಕೂ ಜಾಸ್ತಿ. ಅವರಲ್ಲಿ ಒಂಟಾರಿಯೊ ವರ್ಕ್ಸ್ ಪಡೆಯುವ ಪ್ರತಿಯೊಬ್ಬ ಒಂಟಿ ಟೆಂಟಿನವನ ಮೇಲೆ ಪ್ರಾಂತ್ಯದ ಈ ಖಾತೆಯಲ್ಲಿ ತಿಂಗಳಿಗೆ 390 ಉಳಿತಾಯ. ಆಮೇಲೆ ಅದರ ಎಷ್ಟೋ ಪಟ್ಟು ಹಣ ಆಂಬುಲೆನ್ಸ್, ತುರ್ತು ಚಿಕಿತ್ಸೆ, ಪೊಲೀಸ್, ರಾತ್ರಿ ವಸತಿ ಅಂತ ಬೇರೆ ಖಾತೆಗಳಲ್ಲಿ ಹೋಗುತ್ತದೆ. ಅದರಲ್ಲಿ ದೊಡ್ಡ ಪಾಲು ನಗರಸಭೆಯದ್ದು, ಅಂದರೆ ನಾವು ಮನೆಗೆ ಕಟ್ಟುವ ಪ್ರಾಪರ್ಟಿ ಟ್ಯಾಕ್ಸಿನದ್ದು.

ಇನ್ನೊಂದು, ದುಡಿದರೆ ಮುರಿದುಕೊಳ್ಳುವುದು. ಒಂಟಾರಿಯೊ ವರ್ಕ್ಸ್‌ನಲ್ಲಿ ಇರುವವರು ಸಣ್ಣ ಕೆಲಸ ಹಿಡಿದರೆ ಮೊದಲ 200 ಡಾಲರ್ ಪೂರ್ತಿ ಅವರದ್ದು. ಅದರ ಮೇಲೆ ಪ್ರತಿ ಡಾಲರ್‌ಗೆ 50 ಸೆಂಟ್ ನೆರವಿನಿಂದ ಮುರಿದುಕೊಳ್ಳುತ್ತಾರೆ. ಓಡಿಎಸ್‌ಪಿಯಲ್ಲಿ 2023ರ ಫೆಬ್ರವರಿಯಿಂದ ಮೊದಲ 1,000 ಡಾಲರ್ ಬಿಡುತ್ತಾರೆ. ಒಳ್ಳೆಯದಾಯಿತು ಅಂದುಕೊಳ್ಳುವಷ್ಟರಲ್ಲಿ, ಆಮೇಲಿನ ಪ್ರತಿ ಡಾಲರ್‌ಗೆ 75 ಸೆಂಟ್ ಮುರಿಯುತ್ತಾರೆ. ದೊಡ್ಡ ದೊಡ್ಡ ಕಂಪನಿಯ ಯಜಮಾನರೂ ಗಳಿಕೆಯ ಮೇಲೆ ಮುಕ್ಕಾಲು ಭಾಗ ತೆರಿಗೆ ಕಟ್ಟುವುದಿಲ್ಲ. ಇನ್ನು ಓಡಿಎಸ್‌ಪಿಯಲ್ಲಿರುವ ಹೆಣ್ಣುಮಗಳು ಯಾರ ಜೊತೆಗೋ ಸಂಸಾರ ಹೂಡಿದಳು ಅಂತಿಟ್ಟುಕೊಳ್ಳಿ. ಮೂರು ತಿಂಗಳಾದ ಮೇಲೆ ಅವನ ಗಳಿಕೆಯನ್ನೂ ಲೆಕ್ಕಕ್ಕೆ ಹಿಡಿದು ಅವಳ ಹಣ ಕಡಿಮೆ ಮಾಡುತ್ತಾರೆ. ಪ್ರೀತಿಗೂ ಒಂದು ದರ.

2025ರ ಜುಲೈಯಲ್ಲಿ ಕೇಂದ್ರ ಅಂಗವಿಕಲರಿಗೆ ತಿಂಗಳಿಗೆ ಗರಿಷ್ಠ 200 ಡಾಲರ್ ಕೊಡಲು ಶುರು ಮಾಡಿತು. ಒಂಟಾರಿಯೊ ಅದನ್ನು ಓಡಿಎಸ್‌ಪಿಯಿಂದ ಮುರಿದುಕೊಳ್ಳುವುದಿಲ್ಲ ಅಂತ ಹೇಳಿತು, ಒಳ್ಳೆಯ ನಿರ್ಧಾರ. ಆಲ್ಬರ್ಟಾ ಪ್ರಾಂತ್ಯ ಮುರಿದುಕೊಂಡಿತು. ಕೊಡುವ ಕೈ ಒಂದು, ಕಸಿಯುವ ಕೈ ಇನ್ನೊಂದು. ಪ್ರಾಂತ್ಯದ ಶಾಸಕರ ಮಾತಿಗೆ ಎಷ್ಟು ತೂಕ ಇದೆ ಅನ್ನೋದು ಇದರಿಂದಲೇ ಗೊತ್ತಾಗುತ್ತದೆ.

'ಹಣ ಕೊಟ್ಟರೆ ಸೋಮಾರಿಗಳಾಗುತ್ತಾರೆ' ಅನ್ನೋ ಮಾತು ನಮ್ಮವರ ಬಾಯಲ್ಲೂ ಜಾಸ್ತಿ. ನಮ್ಮ ಮನೆಯ ಊಟದ ಮೇಜಿನಲ್ಲೇ ಕೇಳಿದ್ದೇನೆ. ಇದನ್ನು ಪರೀಕ್ಷೆ ಮಾಡಿ ನೋಡಲು ಒಂಟಾರಿಯೊಗೆ ಒಂದು ಒಳ್ಳೆಯ ಅವಕಾಶ ಇತ್ತು. 2017ರಲ್ಲಿ ಕ್ಯಾಥ್ಲೀನ್ ವಿನ್ ಅವರ ಲಿಬರಲ್ ಸರ್ಕಾರ ಹ್ಯಾಮಿಲ್ಟನ್ ಸುತ್ತಮುತ್ತ, ಥಂಡರ್ ಬೇ ಮತ್ತು ಲಿಂಡ್ಸೆಯಲ್ಲಿ 4,000 ಜನರನ್ನು ಆರಿಸಿ ಮೂಲ ಆದಾಯದ, ಅಂದರೆ ಕೆಲಸ ಹುಡುಕಬೇಕೆಂಬ ಷರತ್ತಿಲ್ಲದೆ ಬದುಕಿಗೆ ಹಣ ಕೊಡುವ ಪ್ರಯೋಗ ಶುರು ಮಾಡಿತು. ಒಂಟಿ ವ್ಯಕ್ತಿಗೆ ವರ್ಷಕ್ಕೆ 16,989 ಡಾಲರ್‌ವರೆಗೆ. ದುಡಿದರೆ ಗಳಿಕೆಯ ಅರ್ಧದಷ್ಟು ಮುರಿತ. ಮೂರು ವರ್ಷ ನಡೆಯಬೇಕಿತ್ತು. ಚುನಾವಣೆ ವೇಳೆ ಇದನ್ನು ಮುಂದುವರಿಸುತ್ತೇವೆ ಅಂದಿದ್ದ ಪಕ್ಷವೇ ಗೆದ್ದು ಬಂದು, 2018ರ ಜುಲೈ 31ಕ್ಕೆ ರದ್ದು ಅಂದಿತು. 2019ರ ಮಾರ್ಚ್‌ಗೆ ಹಣ ನಿಂತಿತು. ಆ ಹಣ ನಂಬಿ ಕಾಲೇಜು ಸೇರಿದ್ದವರು, ಮನೆ ಬದಲಿಸಿದ್ದವರು ನಡುನೀರಿನಲ್ಲಿ ಉಳಿದರು.

ಸರ್ಕಾರ ಫಲಿತಾಂಶ ನೋಡಲಿಲ್ಲ. ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು ಹ್ಯಾಮಿಲ್ಟನ್ ಕಡೆಯ 217 ಜನರನ್ನು ಕೇಳಿ 2020ರಲ್ಲಿ ವರದಿ ಕೊಟ್ಟರು. ಪ್ರಯೋಗಕ್ಕೆ ಮೊದಲು ಕೆಲಸದಲ್ಲಿದ್ದವರಲ್ಲಿ ಮುಕ್ಕಾಲಿಗಿಂತ ಜಾಸ್ತಿ ಜನ ಹಣ ಬರುವಾಗಲೂ ಕೆಲಸ ಬಿಡಲಿಲ್ಲ. 217 ಸಣ್ಣ ಸಂಖ್ಯೆ, ಒಪ್ಪುತ್ತೇನೆ. ದೊಡ್ಡ ಸಂಖ್ಯೆ ಸಿಗುವ ಮೊದಲೇ ನಿಲ್ಲಿಸಿದ್ದು ಯಾರು ಅಂತಲೂ ಕೇಳಬೇಕು. ಇದಕ್ಕೂ ಹಿಂದೆ, 1970ರ ದಶಕದಲ್ಲಿ ಮ್ಯಾನಿಟೋಬಾದ ಡಾಫಿನ್ ಅನ್ನೋ ಸಣ್ಣ ಊರಿನಲ್ಲಿ ಇಂಥದ್ದೇ ಪ್ರಯೋಗ ನಡೆದಿತ್ತು. ಅದರ ಕಾಗದಗಳು ಪೆಟ್ಟಿಗೆಗಳಲ್ಲಿ ದಶಕಗಟ್ಟಲೆ ಬಿದ್ದಿದ್ದವು. ಎವೆಲಿನ್ ಫೋರ್ಜೆ ಅನ್ನೋ ಅರ್ಥಶಾಸ್ತ್ರಜ್ಞೆ ಆ ಕಾಲದ ಆರೋಗ್ಯ ದಾಖಲೆ ಹಿಡಿದು ನೋಡಿದರೆ, ಆಸ್ಪತ್ರೆ ಸೇರುವವರ ಪ್ರಮಾಣ ಶೇ 8.5ರಷ್ಟು ಕಡಿಮೆಯಾಗಿತ್ತು.

ಸೋಮಾರಿತನದ ವಾದಕ್ಕೆ ಇನ್ನೂ ಸುಲಭದ ಉತ್ತರ ಇದೆ. ಕನಿಷ್ಠ ಕೂಲಿಗೆ ಪೂರ್ತಿ ಹೊತ್ತು ದುಡಿದರೆ ತೆರಿಗೆಗೆ ಮೊದಲು ತಿಂಗಳಿಗೆ ಸುಮಾರು 2,850 ಡಾಲರ್ ಬರುತ್ತದೆ. 733 ಅದರ ಕಾಲು ಭಾಗ. ಕಾಲು ಭಾಗದ ಆಸೆಗೆ ಯಾರು ಕೆಲಸ ಬಿಟ್ಟು ಕೂರುತ್ತಾರೆ? ಜೊತೆಗೆ, ಈ ಹಣ ಪಡೆಯುವವರು ಕೆಲಸ ಹುಡುಕುತ್ತಿರಬೇಕು ಅಥವಾ ತರಬೇತಿಯಲ್ಲಿರಬೇಕು, ಅದಕ್ಕೆ ಕೇಸ್‌ವರ್ಕರ್‌ಗೆ ವರದಿ ಒಪ್ಪಿಸಬೇಕು. ಇಂಟರ್‌ವ್ಯೂಗೆ ಹೋಗಲು ಬಸ್ಸಿನ ದುಡ್ಡು ಬೇಕು, ಇಸ್ತ್ರಿ ಮಾಡಿದ ಶರ್ಟು ಬೇಕು, ಕರೆ ಬಂದರೆ ತೆಗೆಯಲು ಫೋನು ಬೇಕು. ಲಕೋಟೆಯವರು ಊಟಕ್ಕಿಂತ ಮೊದಲು ಫೋನಿನ 35 ಡಾಲರ್ ಬರೆದಿದ್ದು ಅದಕ್ಕೇ.

ಹಣ ಎಲ್ಲಿದೆ ಅನ್ನೋದು ನ್ಯಾಯವಾದ ಪ್ರಶ್ನೆ. 2025ರ ಬಜೆಟ್ಟಿನಲ್ಲಿ ಒಂಟಾರಿಯೊದ ಕೊರತೆ 14.6 ಬಿಲಿಯನ್ ಡಾಲರ್ ಅಂತ ಅಂದಾಜಿಸಿದ್ದರು. ಖಜಾನೆ ತುಂಬಿ ತುಳುಕುತ್ತಿಲ್ಲ. ಆದರೆ 2022ರಲ್ಲಿ ಕಾರಿನ ನಂಬರ್ ಪ್ಲೇಟಿನ ಸ್ಟಿಕರ್ ಶುಲ್ಕವನ್ನು ಮನ್ನಾ ಮಾಡಿದರು. ನಮ್ಮ ಮನೆಗೂ ವರ್ಷಕ್ಕೆ ನೂರಿಪ್ಪತ್ತು ಡಾಲರ್ ಉಳಿಯಿತು. ಪ್ರಾಂತ್ಯಕ್ಕೆ ವರ್ಷಕ್ಕೆ ಸುಮಾರು ಒಂದು ಬಿಲಿಯನ್ ಹೋಯಿತು. 2025ರ ಶುರುವಿನಲ್ಲಿ, ಚುನಾವಣೆಗೆ ಸ್ವಲ್ಪ ಮುಂಚೆ, ತೆರಿಗೆ ಲೆಕ್ಕ ಸಲ್ಲಿಸಿದ ಪ್ರತಿಯೊಬ್ಬರಿಗೂ, ಮಕ್ಕಳ ಲೆಕ್ಕದಲ್ಲೂ ತಲಾ 200 ಡಾಲರ್ ಚೆಕ್ ಬಂತು. ಅದರ ವೆಚ್ಚ ಸುಮಾರು 3 ಬಿಲಿಯನ್. ನಮ್ಮ ಮನೆಗೆ ಒಟ್ಟು 800 ಬಂತು, ಎಲ್ಲಿ ಹೋಯಿತು ಅಂತ ಇವತ್ತು ಕೇಳಿದರೆ ನೆನಪಿಲ್ಲ. ಫೀಡ್ ಒಂಟಾರಿಯೊ ಸಂಸ್ಥೆಯ ಲೆಕ್ಕದ ಪ್ರಕಾರ 2023ರ ಏಪ್ರಿಲ್‌ನಿಂದ 2024ರ ಮಾರ್ಚ್‌ವರೆಗೆ ಪ್ರಾಂತ್ಯದ ಫುಡ್ ಬ್ಯಾಂಕ್‌ಗಳಿಗೆ ಬಂದವರು 10 ಲಕ್ಷ ದಾಟಿದ್ದರು. ಆ 3 ಬಿಲಿಯನ್ನನ್ನು ಅವರಿಗೆ ಮಾತ್ರ ಹಂಚಿದ್ದರೆ ತಲಾ 3,000. ತಿಂಗಳಿಗೆ 250, ಇಡೀ ವರ್ಷ. ಸರ್ಕಾರ ಹೀಗೇ ಹಂಚಬೇಕಿತ್ತು ಅಂತಲ್ಲ. ಹಣ ಇಲ್ಲ ಅನ್ನೋ ಉತ್ತರವನ್ನು ಅಷ್ಟು ಬೇಗ ಒಪ್ಪಿಕೊಳ್ಳಬಾರದು ಅಂತ.

ಬೇರೆ ಪ್ರಾಂತ್ಯಗಳೇನೂ ಸ್ವರ್ಗವಲ್ಲ. ಆದರೂ ಬ್ರಿಟಿಷ್ ಕೊಲಂಬಿಯಾದಲ್ಲಿ ಅದೇ ಒಂಟಿ ವ್ಯಕ್ತಿಗೆ 2023ರಿಂದ 1,060 ಡಾಲರ್ ಇದೆ. ಕ್ಯೂಬೆಕ್‌ನಲ್ಲಿ ಪ್ರತಿ ಜನವರಿಗೆ ಬೆಲೆ ನೋಡಿಕೊಂಡು ಏರುತ್ತದೆ.

ಕನ್ನಡದಲ್ಲಿ ಇದನ್ನೆಲ್ಲ ಯಾಕೆ ಬರೆಯಬೇಕು? ನಾವು ಇಲ್ಲಿಗೆ ಬಂದಿದ್ದು ಐಟಿ ಕೆಲಸಕ್ಕೆ, ನಮಗೂ ವೆಲ್ಫೇರ್‌ಗೂ ಏನು ಸಂಬಂಧ ಅಂತ ಕೇಳುವವರಿದ್ದಾರೆ. ಸಂಬಂಧ ಇದೆ. ಅಪ್ಪ ಅಮ್ಮನನ್ನು ಊರಿಂದ ಕರೆಸಿಕೊಂಡು ಪಿಆರ್ (ಇಲ್ಲೇ ಖಾಯಂ ಇರುವ ಅನುಮತಿ) ಮಾಡಿಸುವಾಗ ಮಗ ಒಂದು ಕಾಗದಕ್ಕೆ ಸಹಿ ಹಾಕುತ್ತಾನೆ. ಕ್ಯೂಬೆಕ್ ಬಿಟ್ಟು ಉಳಿದೆಡೆ ಅದು 20 ವರ್ಷದ ಹೊಣೆ. ಅಷ್ಟರಲ್ಲಿ ಅವರು ವೆಲ್ಫೇರ್ ಪಡೆದರೆ ಅದು ಮಗನ ತಲೆಯ ಮೇಲೆ ಸರ್ಕಾರದ ಸಾಲ. ಮಗನ ಕೆಲಸ ಹೋಯಿತು, ಸಂಸಾರ ಒಡೆಯಿತು, ಸೊಸೆಗೂ ಅತ್ತೆಗೂ ಆಗಲಿಲ್ಲ ಅಂದರೆ ಆ ಮುದುಕಿ ಎಲ್ಲಿಗೆ ಹೋಗಬೇಕು? ಇಲ್ಲಿನ ವೃದ್ಧಾಪ್ಯ ಪಿಂಚಣಿಗೆ ಸಾಮಾನ್ಯವಾಗಿ ಕನಿಷ್ಠ 10 ವರ್ಷ ಇಲ್ಲಿ ಇದ್ದಿರಬೇಕು. ನಮ್ಮ ಸಾಲಿನಲ್ಲಿ ಸೀರೆಯ ಮೇಲೆ ದೊಡ್ಡ ಜಾಕೆಟ್ ಹಾಕಿಕೊಂಡು ನಿಲ್ಲುವ ಅಜ್ಜಿಯರನ್ನು ನೋಡಿದ್ದೇನೆ. ಭಾಷೆ ಯಾವುದು ಅಂತ ಕೇಳುವ ಧೈರ್ಯ ನನಗೆ ಬಂದಿಲ್ಲ. ಕನ್ನಡ ಅಂದುಬಿಟ್ಟರೆ ಅವರಿಗೂ ಮುಜುಗರ, ನನಗೂ ಮುಜುಗರ.

ಓದಲು ಬಂದ ಹುಡುಗರ ಕತೆ ಇನ್ನೊಂದು. ಅವರಿಗೆ ಒಂಟಾರಿಯೊ ವರ್ಕ್ಸ್ ಸಿಗುವುದಿಲ್ಲ. ಬರುವಾಗ ಖರ್ಚಿಗೆ ಹಣ ಇದೆ ಅಂತ ತೋರಿಸಬೇಕು. ಬಹಳ ವರ್ಷ 10,000 ಡಾಲರ್ ಇತ್ತು, 2024ರ ಜನವರಿಯಲ್ಲಿ 20,635 ಮಾಡಿದರು, 2025ರ ಸೆಪ್ಟೆಂಬರ್‌ಗೆ 22,895. ಹಳೆಯ ಲೆಕ್ಕ ನಂಬಿ, ಜಮೀನು ಅಡವಿಟ್ಟು ಮಕ್ಕಳನ್ನು ಕಳಿಸಿದ ಎಷ್ಟೋ ಮನೆಗಳಿವೆ. ಬ್ರಾಂಪ್ಟನ್‌ನ ಒಂದು ಫುಡ್ ಬ್ಯಾಂಕ್ ವಿದೇಶಿ ವಿದ್ಯಾರ್ಥಿಗಳಿಗೆ ಇನ್ನು ಕೊಡಲಾಗುವುದಿಲ್ಲ ಅಂದುಬಿಟ್ಟಿತು. ಹುಡುಗರನ್ನು ಬೈದವರೇ ಜಾಸ್ತಿ. ದಾನದ ಮೇಲೆ ನಡೆಯುವ ಜಾಗಕ್ಕೆ ಒಂದು ಮಿತಿ ಇದೆ ಅನ್ನೋದು ಅವತ್ತು ಎಲ್ಲರಿಗೂ ಕಾಣಬೇಕಿತ್ತು.

ಅದಕ್ಕೇ ಶಾಸಕರನ್ನು ಕೇಳಬೇಕು ಅನ್ನೋದು. ಬಡವರಿಗೆ ಸಹಾಯ ಮಾಡಿ ಸ್ವಾಮಿ ಅಂತ ಕೇಳಿದರೆ 'ಖಂಡಿತ, ನಮಗೂ ಕಾಳಜಿ ಇದೆ' ಅನ್ನೋ ಪತ್ರ ಬರುತ್ತದೆ. ನನಗೂ ಒಂದು ಬಂದಿದೆ. ನಾನು 733ರ ಬಗ್ಗೆ ಕೇಳಿದ್ದೆ. ಉತ್ತರದಲ್ಲಿ ಓಡಿಎಸ್‌ಪಿ ಏರಿಸಿದ್ದರ ಬಗ್ಗೆ ಮೂರು ಪ್ಯಾರಾ ಇತ್ತು. ಆಮೇಲೆ ಗೊತ್ತಾಯಿತು, ಕೇಳುವಾಗಲೇ ಬಿಗಿಯಾಗಿ ಕೇಳಬೇಕು. ಓಡಿಎಸ್‌ಪಿಗೆ ಹಾಕಿದ ಜುಲೈ ನಿಯಮವನ್ನು ಒಂಟಾರಿಯೊ ವರ್ಕ್ಸ್‌ಗೂ ಹಾಕುತ್ತೀರಾ, ಇಲ್ಲವಾ? ಮನೆ ಕಳೆದುಕೊಂಡವರ 390 ನಿಲ್ಲಿಸುವುದನ್ನು ಬಿಡುತ್ತೀರಾ, ಇಲ್ಲವಾ? ಹೌದು ಅಥವಾ ಇಲ್ಲ ಅಂತ ಉತ್ತರಿಸಬೇಕಾದ ಪ್ರಶ್ನೆಗಳು.

ಇನ್ನೊಂದು ವಿಷಯ. 733 ಅನ್ನೋ ಅಂಕಿ ಕಾನೂನಿನ ಒಳಗೆ ಇಲ್ಲ, ಅದರ ಕೆಳಗಿನ ನಿಯಮಾವಳಿಯಲ್ಲಿದೆ. ಬದಲಿಸಲು ಸದನದಲ್ಲಿ ಮಸೂದೆ ಮಂಡಿಸಬೇಕಾಗಿಲ್ಲ. ಸಂಪುಟ ಸಭೆ ಒಂದು ಮಧ್ಯಾಹ್ನ ಕೂತರೆ ಆಗುವ ಕೆಲಸ. ಹಾಗಾಗಿ ಆಳುವ ಪಕ್ಷದಲ್ಲಿ ಮಂತ್ರಿಯಾಗದೆ ಹಿಂದಿನ ಬೆಂಚಿನಲ್ಲಿ ಕೂರುವ ಶಾಸಕರ ಮೇಲೆ ಒತ್ತಡ ಹಾಕುವುದು ವಿರೋಧ ಪಕ್ಷದವರಿಂದ ಭಾಷಣ ಮಾಡಿಸುವುದಕ್ಕಿಂತ ಉಪಯೋಗ. ಬಜೆಟ್ಟಿಗೆ ಮೊದಲು ಹಣಕಾಸು ಸಮಿತಿ ಊರೂರಿಗೆ ಬಂದು ಜನರ ಮಾತು ಕೇಳುತ್ತದೆ. ಯಾರು ಬೇಕಾದರೂ ಹೆಸರು ಕೊಡಬಹುದು, ಮಾತಾಡಲು ಸಿಗುವುದು ಏಳು ನಿಮಿಷ. ಲಕೋಟೆಯ ಲೆಕ್ಕ ಓದಲು ಒಂದು ನಿಮಿಷ ಸಾಕು.

ಅಷ್ಟು ದೂರ ಹೋಗುವುದೂ ಬೇಡ. ನಮ್ಮ ರಾಜ್ಯೋತ್ಸವಕ್ಕೆ, ದೀಪಾವಳಿಗೆ ಶಾಸಕರು ತಾವಾಗೇ ಬರುತ್ತಾರೆ. ದೀಪ ಬೆಳಗಿಸುತ್ತಾರೆ, ಶಾಲು ಹೊದಿಸಿಕೊಳ್ಳುತ್ತಾರೆ, 'ನಮಸ್ಕಾರ' ಅಂತಾರೆ, ನಾವು ಚಪ್ಪಾಳೆ ಹೊಡೆಯುತ್ತೇವೆ. ಬಾಗಿಲ ಬಳಿ ಫುಡ್ ಬ್ಯಾಂಕಿಗೆ ಅಂತ ಇಟ್ಟ ಡಬ್ಬದಲ್ಲಿ ತೊಗರಿಬೇಳೆ, ಅಕ್ಕಿ ತುಂಬಿ ತುಳುಕುತ್ತದೆ. ಕೊಡುವುದರಲ್ಲಿ ನಮ್ಮವರ ಕೈ ಯಾವತ್ತೂ ಹಿಂದೆ ಬಿದ್ದಿಲ್ಲ. ಆದರೆ ಆ ಡಬ್ಬದ ಪಕ್ಕದಲ್ಲೇ ಫೋಟೋಗೆ ನಿಂತ ಶಾಸಕರನ್ನು 733ರ ಬಗ್ಗೆ ಯಾರೂ ಕೇಳಿದ್ದನ್ನು ನಾನು ನೋಡಿಲ್ಲ. ನಾನೂ ಕೇಳಿರಲಿಲ್ಲ. ಹೋದ ಸಲ ಕಾಫಿ ಕಪ್ ಹಿಡಿದುಕೊಂಡು ಒಬ್ಬರನ್ನು ಕೇಳಿದೆ. ಅವರಿಗೆ ಆ ಅಂಕಿ ಗೊತ್ತಿರಲಿಲ್ಲ. 'ವಾರಕ್ಕಾ?' ಅಂದರು.

ಲಕೋಟೆಯವರು ಈ ತಿಂಗಳೂ ಬಂದಿದ್ದರು. ಓಡಿಎಸ್‌ಪಿ ಅರ್ಜಿಗೆ ಡಾಕ್ಟರ್ ಇನ್ನೊಂದು ಫಾರ್ಮ್ ತುಂಬಿಕೊಡಬೇಕಂತೆ. ಮನೆ ಮಾಲೀಕರು ಬಾಡಿಗೆ ಏರಿಸಿದ್ದಾರೆ, 2025ಕ್ಕೆ ಸರ್ಕಾರ ಬಿಟ್ಟಷ್ಟೇ, ಶೇ 2.5. ಮೂರು ತಿಂಗಳು ಮುಂಚೆಯೇ ನೋಟಿಸ್ ಕೊಟ್ಟಿದ್ದರು, ಎಲ್ಲ ಕ್ರಮಬದ್ಧ. ಹೊಸ ಲಕೋಟೆ ತೆಗೆದು ತೋರಿಸಿದರು. ಬಂದಿದ್ದು 733. ಬಾಡಿಗೆ 666.25. ಫೋನು 35. ಉಳಿದಿದ್ದು 31.75. ಕೆಳಗೆ ಎರಡು ಗೆರೆ.